ಡಿಲೇ ಡಿಸ್ಕೌಂಟಿಂಗ್: ತಡವಾದಷ್ಟೂ ಇಳಿಯುವ ಬೆಲೆ

ಡಿಸ್ಕೌಂಟ್ ಅಂದರೆ ಬಟ್ಟೆ ಅಂಗಡಿ ನೆನಪಾಗುತ್ತದೆ, ಅಲ್ವಾ? ಇಲ್ಲಿ ರಿಯಾಯಿತಿ ಕೊಡುವವರು ಯಾರೂ ಇಲ್ಲ. ಆಮೇಲೆ ಸಿಗುವ ಆಹಾರಕ್ಕೆ ಪ್ರಾಣಿ ತಾನೇ ಬೆಲೆ ಇಳಿಸಿಕೊಳ್ಳುತ್ತದೆ. ಕಾಯುವುದು ಜಾಸ್ತಿಯಾದಷ್ಟೂ ಬೆಲೆ ಕಡಿಮೆ. ಇದೇ ಡಿಲೇ ಡಿಸ್ಕೌಂಟಿಂಗ್.

1972ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೊವರ್ಡ್ ರಾಕ್ಲಿನ್ ಮತ್ತು ಲಿಯೊನಾರ್ಡ್ ಗ್ರೀನ್ ಪಾರಿವಾಳಗಳ ಮುಂದೆ ಎರಡು ಗುಂಡಿ ಇಟ್ಟರು. ಒಂದನ್ನು ಕುಕ್ಕಿದರೆ ಕೂಡಲೇ ಕಾಳು ಬರುತ್ತದೆ, ತಿನ್ನಲು ಸಿಗುವುದು 2 ಸೆಕೆಂಡು ಮಾತ್ರ. ಇನ್ನೊಂದನ್ನು ಕುಕ್ಕಿದರೆ 4 ಸೆಕೆಂಡು ಕಾಯಬೇಕು, ಆಮೇಲೆ 4 ಸೆಕೆಂಡು ತಿನ್ನಬಹುದು. ಪಾರಿವಾಳಗಳು ಕಾಯಲಿಲ್ಲ. ಆತುರದ ಹಕ್ಕಿ ಎಂದು ಸುಮ್ನೆ ಬಿಟ್ಟುಬಿಡಬಹುದಿತ್ತು. ಆದರೆ ಕಾಳು ಬರುವುದಕ್ಕೆ ಎಷ್ಟೋ ಸೆಕೆಂಡು ಮುಂಚೆಯೇ ಆಯ್ಕೆ ಮಾಡಲು ಬಿಟ್ಟಾಗ, ಹೆಚ್ಚಿನ ಹಕ್ಕಿಗಳು ದೊಡ್ಡ ಪಾಲಿನ ಕಡೆಗೇ ಹೋದವು. ಚಿಕ್ಕದಕ್ಕೆ ಕೊಕ್ಕು ಹಾಕುವ ಅವಕಾಶವೇ ಮುಂದೆ ಇಲ್ಲದಂತೆ ಮಾಡಿಕೊಂಡವು!

ಅದೇ ಹಕ್ಕಿ, ಅದೇ ಕಾಳು. ಮನಸ್ಸು ಬದಲಾಗಿದ್ದು ಯಾಕೆ? 1987ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಜೇಮ್ಸ್ ಮಜೂರ್ ಕೊಟ್ಟ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ಆಹಾರದ ಪ್ರಮಾಣವನ್ನು (1 + ಕೆ × ತಡ) ಇಂದ ಭಾಗಿಸಿದರೆ ಈ ಕ್ಷಣದ ಬೆಲೆ ಸಿಗುತ್ತದೆ. ‘ಕೆ’ ಅಂದರೆ ಆತುರದ ಅಳತೆ. ಲೆಕ್ಕ ಸುಲಭವಾಗಲಿ, ಅದನ್ನು 1 ಎಂದಿಟ್ಟುಕೊಳ್ಳಿ. ಕೂಡಲೇ ಸಿಗುವ 2ರ ಬೆಲೆ 2. ನಾಲ್ಕು ಸೆಕೆಂಡಿನ ನಂತರದ 4ರ ಬೆಲೆ 4 ÷ 5, ಅಂದರೆ 0.8. ಚಿಕ್ಕದೇ ಗೆದ್ದಿತು. ಈಗ ಎರಡಕ್ಕೂ 10 ಸೆಕೆಂಡು ಸೇರಿಸಿ. 2 ÷ 11 ಸುಮಾರು 0.18, 4 ÷ 15 ಸುಮಾರು 0.27. ದೊಡ್ಡದು ಗೆದ್ದಿತು. ಮೊದಲ ಕೆಲವು ಸೆಕೆಂಡಿನಲ್ಲಿ ಬೆಲೆ ಧಡಕ್ಕನೆ ಕುಸಿಯುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಆಟ ಇರುವುದು ಅಲ್ಲೇ.

ಹಾಗಂತ ಆತುರವನ್ನು ದಡ್ಡತನ ಎನ್ನಲು ನನಗೆ ಮನಸ್ಸಿಲ್ಲ. ಕಾಡಿನಲ್ಲಿ ಕೈಗೆ ಬಂದ ತುತ್ತು ಬಾಯಿಗೆ ಬರುವುದು ಖಾತ್ರಿಯಲ್ಲ. 2005ರ ಒಂದು ಪ್ರಯೋಗದಲ್ಲಿ ದಕ್ಷಿಣ ಅಮೆರಿಕದ ಎರಡು ಪುಟ್ಟ ಕೋತಿ ಜಾತಿಗಳಿಗೆ ಈಗ 2 ತುಣುಕು ಬೇಕಾ, ಆಮೇಲೆ 6 ಬೇಕಾ ಎಂಬ ಆಯ್ಕೆ ಕೊಟ್ಟರು. ಆರಕ್ಕಾಗಿ ಟ್ಯಾಮರಿನ್ ಸರಾಸರಿ 8 ಸೆಕೆಂಡು ಕಾದರೆ, ಮಾರ್ಮೊಸೆಟ್ 14 ಸೆಕೆಂಡು ಕಾಯಿತು. ಟ್ಯಾಮರಿನ್ ಹುಳ ಹಿಡಿದು ತಿನ್ನುತ್ತದೆ, ತಡ ಮಾಡಿದರೆ ಹುಳ ಹಾರಿಹೋಗುತ್ತದೆ. ಮಾರ್ಮೊಸೆಟ್ ಮರದ ತೊಗಟೆ ಕೊರೆದು, ಅಂಟು ಒಸರುವವರೆಗೂ ಕಾಯುತ್ತದೆ.