ಮೃತ್ಯುದೇವತೆಯ ಭಕ್ತರ ಕಟ್ಟುಪಾಡು ರೂಪುಗೊಂಡ ಬಗೆ

ಸಾವಿನ ದೇವತೆಯನ್ನು ನಂಬಿದ ಪಾತ್ರವೊಂದು ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟದ, ಅಂದರೆ ಆಟಗಾರರು ಕಾಲ್ಪನಿಕ ಲೋಕದ ಪಾತ್ರಗಳಾಗಿ ಆಡುವ ಆಟದ, ತಂಡ ಸೇರಿದರೆ ಅದರ ನಡತೆಯ ಬಗ್ಗೆ ವಾದ ಹುಟ್ಟದೆ ಇರುವುದು ಅಪರೂಪ. ಶರಣಾದವನನ್ನು ಕೊಲ್ಲಬಹುದೇ, ಸಾಯುತ್ತಿರುವ ಸಂಗಾತಿಯನ್ನು ಬದುಕಿಸಿದರೆ ಅದು ದೈವದ್ರೋಹವೇ ಎಂಬ ಪ್ರಶ್ನೆಗಳಿಗೆ ಒಬ್ಬೊಬ್ಬರು ಒಂದೊಂದು ಆವೃತ್ತಿಯ ನಿಯಮವನ್ನು ಮುಂದಿಡುವುದರಿಂದಲೇ ವಿಷಯ ಇಷ್ಟು ಗೋಜಲಾಗಿದೆ.

1974ರಲ್ಲಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ ಇಂಥ ಆಟ ಬಂದಾಗ ಪಾತ್ರಗಳ ಮುಂದಿದ್ದದ್ದು ವ್ಯವಸ್ಥೆ, ತಾಟಸ್ಥ್ಯ, ಅರಾಜಕತೆ ಎಂಬ ಮೂರೇ ಪಕ್ಷಗಳು. ಮರುವರ್ಷ ಪಾಲಡಿನ್ ಎಂಬ ಧರ್ಮಯೋಧ ಸೇರಿಕೊಂಡ. ದಶಕಗಳ ಕಾಲ ಮರ್ಯಾದೆಯ ಸಂಹಿತೆ ಬಹುಮಟ್ಟಿಗೆ ಈ ಸಜ್ಜನ ಯೋಧನ ಸೊತ್ತಾಗಿಯೇ ಉಳಿಯಿತು. ನೆರಲ್‌ನಂಥ ಮೃತ್ಯುದೇವರ ಭಕ್ತರು ಸೋಲಿಸಬೇಕಾದ ಖಳರಾದರು. ಸಾವನ್ನೂ ಕೇಡನ್ನೂ ಒಂದೇ ತಕ್ಕಡಿಯಲ್ಲಿಟ್ಟ ಈ ಅಭ್ಯಾಸದಿಂದ ಆಟಕ್ಕೆ ನಷ್ಟವೇ ಆಯಿತು. ಅದೇ ಆಟದ ಫರ್ಗಾಟನ್ ರೆಲ್ಮ್ಸ್ ಎಂಬ ಕಾಲ್ಪನಿಕ ಲೋಕದಲ್ಲಿ ಕೆಲೆಮ್‌ವೋರ್ ಎಂಬ ಮಾನವ ಯೋಧ ಮೃತರ ಅಧಿಪತಿಯಾದ ಮೇಲೆ, ಸತ್ತವರಿಗೆ ಗೌರವದ ಸಂಸ್ಕಾರ ಮಾಡುವ, ಎದ್ದು ನಡೆಯುವ ಹೆಣಗಳನ್ನು ನಾಶಮಾಡುವ ಶಿಸ್ತಿನ ಅರ್ಚಕವರ್ಗವೊಂದು ಕಾಣಿಸಿಕೊಂಡಿತು. 2008ರಲ್ಲಿ ಬಂದ ಅದೇ ಆಟದ ನಾಲ್ಕನೆಯ ಆವೃತ್ತಿಯಲ್ಲಿ ನೆರಲ್‌ನ ಸ್ಥಾನಕ್ಕೆ ರೇವನ್ ಕ್ವೀನ್ ಎಂಬ ಮೃತ್ಯುದೇವತೆ ಬಂದಳು. ಅವಳ ಹೆಸರಿನಲ್ಲೂ ಪಾಲಡಿನ್ ಆಗುವ ದಾರಿ ತೆರೆಯಿತು.

ನಿಜವಾದ ತಿರುವು ಪಾತ್‌ಫೈಂಡರ್ ಎಂಬ ಇನ್ನೊಂದು ಆಟದ 2019ರ ಎರಡನೆಯ ಆವೃತ್ತಿಯದು. ಅಲ್ಲಿ ಪ್ರತಿ ದೇವತೆಗೂ ವಿಧಿ ಮತ್ತು ನಿಷೇಧಗಳನ್ನು ಬರೆದಿಟ್ಟರು. ಮೃತ್ಯುದೇವತೆ ಫರಾಸ್ಮಾಳ ಭಕ್ತರು ಶವಗಳನ್ನು ಶಾಂತವಾಗಿ ಮಲಗಿಸಬೇಕು, ಸತ್ತೂ ಸಾಯದವುಗಳನ್ನು ನಾಶಮಾಡಬೇಕು. ಅಂಥವುಗಳನ್ನು ಸೃಷ್ಟಿಸಬಾರದು, ಹೆಣವನ್ನು ಅಪವಿತ್ರಗೊಳಿಸಬಾರದು, ಸಮಾಧಿಯನ್ನು ದೋಚಬಾರದು. ನಿಷೇಧಗಳನ್ನು ಪದೇ ಪದೇ ಮೀರಿದ ಕ್ಲೆರಿಕ್ (ದೇವತೆಯಿಂದ ಶಕ್ತಿ ಪಡೆಯುವ ಅರ್ಚಕ ಪಾತ್ರ), ಪ್ರಾಯಶ್ಚಿತ್ತವಾಗುವ ತನಕ ದೇವತೆ ಕೊಟ್ಟ ಶಕ್ತಿಯನ್ನು ಕಳೆದುಕೊಳ್ಳುತ್ತಾಳೆ.

ಸಮಾಧಿಯ ಮಾತು ಚಿಕ್ಕದಲ್ಲ, ಏಕೆಂದರೆ ಈ ಆಟಗಳ ಅರ್ಧ ಸಾಹಸ ನಡೆಯುವುದೇ ಸಮಾಧಿಗಳೊಳಗೆ. ಕಳ್ಳ ಬೀಗ ತೆಗೆದಿದ್ದಾನೆ, ಸತ್ತ ರಾಜನ ಎದೆಯ ಮೇಲೆ ಮಂತ್ರದ ಕತ್ತಿಯಿದೆ, ಫರಾಸ್ಮಾಳ ಕ್ಲೆರಿಕ್ ಬಾಗಿಲಿಗೆ ಅಡ್ಡ ನಿಂತಿದ್ದಾಳೆ. ಹಳೆಯ ನಿಯಮಗಳಲ್ಲಿ ಅವಳು ಒಳ್ಳೆಯವಳೋ ಕೆಟ್ಟವಳೋ ಎಂದು ಆಟ ನಡೆಸಿ ತೀರ್ಪು ಕೊಡುವ ಗೇಮ್ ಮಾಸ್ಟರ್ ಜೊತೆ ವಾದ ನಡೆಯುತ್ತಿತ್ತು. ಈಗ ಅವಳ ಕೈಯಲ್ಲಿ ಒಂದು ವಾಕ್ಯವಿದೆ, ಅದು ಎಷ್ಟೋ ಮೇಲು. ಆದರೆ ರಾಜ ಕಣ್ಣು ತೆರೆದು ಎದ್ದು ಕುಳಿತರೆ? ಅವನನ್ನು ನಾಶಮಾಡುವುದು ಅವಳ ಕರ್ತವ್ಯ. ಅನಂತರ ಆ ಕತ್ತಿ ಯುದ್ಧದ ಗಳಿಕೆಯೋ ಸಮಾಧಿಯ ಲೂಟಿಯೋ ಎಂಬುದನ್ನು ಆ ವಾಕ್ಯ ಹೇಳುವುದಿಲ್ಲ. ದೇಹವನ್ನು ಮತ್ತೆ ಮಲಗಿಸುವುದೂ ವಿಧಿಯೇ ಆದ್ದರಿಂದ ಕತ್ತಿಯೂ ಅದರ ಜೊತೆಗೇ ಉಳಿಯಬೇಕೆಂಬುದು ನನಗೆ ಹೆಚ್ಚು ಒಪ್ಪಿಗೆಯಾಗುವ ಓದು.