ಪದ ಪರಿಚಯ: ಟ್ಯೂನರ್ ಪೆಡಲ್

ಭದ್ರಾವತಿ ಆಕಾಶವಾಣಿ ಕೇಳಿ ಬೆಳೆದವರಿಗೆ ‘ಟ್ಯೂನರ್’ ಅಂದರೆ ರೇಡಿಯೊ. ಗೊರಗೊರ ಸದ್ದಿನ ನಡುವೆ ಮುಳ್ಳು ತಿರುಗಿಸುತ್ತಾ ಹೋಗಬೇಕು, ಸ್ಟೇಷನ್ ಸಿಕ್ಕಿದ ಕೂಡಲೇ ಕೈ ತೆಗೆಯಬೇಕು. ‘ಪೆಡಲ್’ ಅಂದರೆ ಸೈಕಲ್‌ನದು. ಎರಡನ್ನೂ ಸೇರಿಸಿ ‘ಟ್ಯೂನರ್ ಪೆಡಲ್’ ಅಂದಾಗ ನಮ್ಮ ಅಮ್ಮ ನನ್ನ ಮುಖ ನೋಡಿದರು. ತಪ್ಪು ಅವರದಲ್ಲ.

ಪದ ಮನೆಗೆ ಬಂದದ್ದು ಅಕ್ಕನ ಮಗನ ಜೊತೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ರಜೆಗೆ ಬರುವಾಗ ಎಲೆಕ್ಟ್ರಿಕ್ ಗಿಟಾರ್ ಜೊತೆ ಒಂದು ಹಲಗೆಯನ್ನೂ ತಂದಿದ್ದ. ಅದರ ಮೇಲೆ ಮೂರು ಪುಟ್ಟ ಕಬ್ಬಿಣದ ಡಬ್ಬಿ ಅಂಟಿಸಿದ್ದ. ನಾಲ್ಕನೆಯದಕ್ಕೆ ಜಾಗ ಖಾಲಿ ಬಿಟ್ಟಿದ್ದ.

‘ಮಾವ, ಟ್ಯೂನರ್ ಪೆಡಲ್ ಒಂದು ತಗೊಬೇಕು. ಯಾವುದು ಒಳ್ಳೇದು?’

‘ಫೋನಲ್ಲೇ ಆ್ಯಪ್ ಇದೆಯಲ್ಲ ಮಾರಾಯ. ಸುಮ್ನೆ ದುಡ್ಡು ಯಾಕೆ?’

ಹಾಗಂದವನು ನಾನೇ. ಆಮೇಲೆ ಅವನ ಜೊತೆ ಕೂತು ನೋಡಿದ ಮೇಲೆ ಅರ್ಧ ಮಾತು ವಾಪಸ್ ತಗೊಂಡೆ.

ಮೊದಲು ಅರ್ಥ. ಗಿಟಾರ್‌ಗೂ ಅದರ ಸದ್ದು ಜೋರು ಮಾಡುವ ಪೆಟ್ಟಿಗೆ ಆಂಪ್‌ಗೂ ನಡುವೆ ಕೇಬಲ್ಲಿನ ದಾರಿಯಲ್ಲಿ ಕೂರುವ, ಕಾಲಲ್ಲಿ ತುಳಿಯುವ ಡಬ್ಬಿಯೇ ಪೆಡಲ್. ಒಂದು ದನಿಯನ್ನು ಒರಟು ಮಾಡುತ್ತದೆ, ಇನ್ನೊಂದು ಪ್ರತಿಧ್ವನಿ ಕೊಡುತ್ತದೆ. ಟ್ಯೂನರ್ ಪೆಡಲ್ ದನಿಗೆ ಏನೂ ಮಾಡುವುದಿಲ್ಲ. ತಂತಿ ಸೆಕೆಂಡಿಗೆ ಎಷ್ಟು ಸಲ ಅದುರುತ್ತಿದೆ ಅಂತ ಎಣಿಸಿ, ಹತ್ತಿರದ ಸ್ವರ ಯಾವುದು, ನೀವು ಅದಕ್ಕಿಂತ ಮೇಲಿದ್ದೀರೋ ಕೆಳಗಿದ್ದೀರೋ ಅಂತ ದೀಪದಲ್ಲಿ ತೋರಿಸುತ್ತದೆ. ತುಳಿದಾಗ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಆಂಪ್‌ಗೆ ಹೋಗುವ ಸದ್ದನ್ನು ನಿಲ್ಲಿಸುತ್ತದೆ. ನೀವು ತಂತಿ ಬಿಗಿ ಮಾಡುವ ‘ಟೊಂಯ್ ಟೊಂಯ್’ ಮನೆಯವರಿಗೆ ಕೇಳುವುದಿಲ್ಲ. ಫೋನ್ ಆ್ಯಪ್‌ಗೆ ಇದು ಬರುವುದಿಲ್ಲ. ಗಿಟಾರಿನ ತಲೆಗೆ ಕಚ್ಚಿಸುವ ಕ್ಲಿಪ್ ಟ್ಯೂನರ್‌ಗೂ ಬರುವುದಿಲ್ಲ.

ಶ್ರುತಿ ತೋರಿಸುವ ಯಂತ್ರ ಹಳೆಯದೇ. ತಿರುಗುವ ತಟ್ಟೆಯ ಸ್ಟ್ರೋಬ್ ಟ್ಯೂನರನ್ನು ಕಾನ್ ಕಂಪನಿ 1936ರಲ್ಲೇ ಮಾರುತ್ತಿತ್ತು. ಕೈಯಲ್ಲಿ ಹಿಡಿಯುವ, ಮುಳ್ಳಿನ ಟ್ಯೂನರನ್ನು 1975ರಲ್ಲಿ ಕೊರ್ಗ್ ತಂದಿತು. ಕಾಲಡಿಯಲ್ಲಿ ಮನೆಮಾತಾದದ್ದು ತಡವಾಗಿ, 1998ರಲ್ಲಿ ಬಾಸ್ ಕಂಪನಿಯ ಟಿಯು-2 ಬಂದಾಗ. ಇವತ್ತಿನ ಬಹುತೇಕ ಟ್ಯೂನರ್ ಪೆಡಲ್‌ಗಳು ಅದರ ಮಕ್ಕಳು, ಮೊಮ್ಮಕ್ಕಳು.

ಅಂಗಡಿಯವರು ಮೊದಲು ಹೇಳುವ ಪದ ‘ಸೆಂಟ್’. ಹನ್ನೆರಡು ಸ್ವರಸ್ಥಾನಗಳಲ್ಲಿ ಪಕ್ಕಪಕ್ಕದ ಎರಡರ ನಡುವಿನ ಅಂತರವನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್. ‘ಸ’ದಿಂದ ಮೇಲಿನ ‘ಸ’ಕ್ಕೆ 1200 ಸೆಂಟ್. ಜಮೀನಿನ ಸೆಂಟ್‌ನ ಹಾಗೇ, ನೂರರಲ್ಲಿ ಒಂದು. ಒಂದು ಪೆಡಲ್ ‘ಒಂದು ಸೆಂಟ್‌ವರೆಗೆ ಕರಾರುವಾಕ್ಕು’ ಅನ್ನುತ್ತದೆ, ಇನ್ನೊಂದು ‘0.1 ಸೆಂಟ್’ ಅನ್ನುತ್ತದೆ. ದುಡ್ಡಿನ ವ್ಯತ್ಯಾಸ ಅಲ್ಲೇ ಶುರು. ನನ್ನ ಕೇಳಿದರೆ, ಮನೆಯಲ್ಲಿ ನುಡಿಸುವವರಿಗೆ ಈ ಲೆಕ್ಕ ಬೇಡ. ಸಾಮಾನ್ಯ ಕಿವಿಗೆ ಐದಾರು ಸೆಂಟ್ ವ್ಯತ್ಯಾಸವಾದರೆ ಮಾತ್ರ ಗೊತ್ತಾಗುತ್ತದೆ. ತಂತಿಯನ್ನು ಸ್ವಲ್ಪ ಜೋರಾಗಿ ಮೀಟಿದರೆ ಸಾಕು, ಮೊದಲ ಕ್ಷಣ ಅದೇ ಕೆಲವು ಸೆಂಟ್ ಮೇಲೆ ಹೋಗಿ ಆಮೇಲೆ ಇಳಿಯುತ್ತದೆ. ಗಿಟಾರಿನ ಹೊಟ್ಟೆಯ ಮೇಲೆ ತಂತಿ ಕೂರುವ ಬ್ರಿಡ್ಜಿನ ಹತ್ತಿರ ತಂತಿಯ ಉದ್ದ ಸರಿಮಾಡುವ ರಿಪೇರಿ ಕೆಲಸ ನೀವೇ ಮಾಡುತ್ತೀರಾದರೆ ಸ್ಟ್ರೋಬ್ ಜಾತಿಯ ಟ್ಯೂನರ್ ಉಪಯೋಗಕ್ಕೆ ಬರುತ್ತದೆ. ಇಲ್ಲದಿದ್ದರೆ ಒಂದು ಸೆಂಟ್ ಧಾರಾಳ ಸಾಕು.

ಹಸಿರು ದೀಪ ಬಂದರೂ ಕಿವಿ ‘ಇಲ್ಲ’ ಅನ್ನುವುದುಂಟು. ಸಂಗೀತ ಕಲಿತವರಿಗೆ ಇದು ಜಾಸ್ತಿ. ತಂಬೂರಿ ಕೇಳಿ ಬೆಳೆದ ಕಿವಿಗೆ ಅಂತರ ಗಾಂಧಾರ ‘ಸ’ದಿಂದ ಸುಮಾರು 386 ಸೆಂಟ್ ದೂರದಲ್ಲಿ ಕೂರಬೇಕು. ಟ್ಯೂನರ್ ಅದನ್ನು 400ರಲ್ಲಿ ಕೂರಿಸುತ್ತದೆ. ಹದಿನಾಲ್ಕು ಸೆಂಟ್ ವ್ಯತ್ಯಾಸ. ಪಂಚಮದಲ್ಲಿ ಎರಡೇ ಸೆಂಟ್, ಅದನ್ನು ಯಾರೂ ಕೇಳುವುದಿಲ್ಲ. ಎಲ್ಲಾ ಶ್ರುತಿಯಲ್ಲೂ ನುಡಿಸಲು ಬರಲಿ ಅಂತ ಅಂತರಗಳನ್ನು ಸಮನಾಗಿ ಹಂಚಿದ್ದಾರೆ, ಅದಕ್ಕೆ ಹೀಗೆ. ಪೆಡಲ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಒಯ್ಯಬೇಡಿ.

ಇನ್ನೊಂದು ಬಟನ್ ಇರುತ್ತದೆ, 440 ಅಂತ ಬರೆದದ್ದು. ಮಧ್ಯದ ‘ಎ’ ಸ್ವರ ಸೆಕೆಂಡಿಗೆ 440 ಸಲ ಅದುರಬೇಕು ಅನ್ನುವುದು ಈಗ ಬಹುತೇಕ ಕಡೆ ಒಪ್ಪಿದ ಅಳತೆ. ಆ ಬಟನ್ ಒತ್ತಿದರೆ 436, 443, 445 ಅಂತೆಲ್ಲ ಬದಲಾಗುತ್ತದೆ. ಭಜನೆಗೆ ಹಳೇ ಹಾರ್ಮೋನಿಯಂ ಜೊತೆ ಕೂರುವವರಿಗೆ ಇದು ಬೇಕು. ಹಾರ್ಮೋನಿಯಂ ಶ್ರುತಿಯನ್ನು ಕೂತಲ್ಲೇ ತಿದ್ದಲು ಆಗುವುದಿಲ್ಲ, ಗಿಟಾರೇ ಬಗ್ಗಬೇಕು. ಉಳಿದವರು ಅದನ್ನು ಮುಟ್ಟದಿದ್ದರೆ ಒಳ್ಳೆಯದು. ಒಮ್ಮೆ ನನ್ನ ಬೆರಳು ತಾಗಿ 443 ಆಗಿತ್ತು. ಆರು ತಂತಿಗೂ ಹಸಿರು ದೀಪ, ಕೀಬೋರ್ಡ್ ಜೊತೆ ನುಡಿಸಿದರೆ ಎಲ್ಲವೂ ಹುಳಿ ಹುಳಿ. ಕಾರಣ ಗೊತ್ತಾಗುವಷ್ಟರಲ್ಲಿ ಒಂದು ಸಂಜೆ ಹೋಯಿತು.

ಮಲೆನಾಡಿನವರಿಗೆ ಟ್ಯೂನರ್ ಜಾಸ್ತಿ ಬೇಕಾಗುವುದು ಮಳೆಗಾಲದಲ್ಲಿ. ಜುಲೈ ಬಂತೆಂದರೆ ಮನೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಅಲ್ವಾ? ಗಿಟಾರಿನ ಮರವೂ ಹಾಗೇ ತೇವ ಕುಡಿದು ಉಬ್ಬುತ್ತದೆ. ಅಕೂಸ್ಟಿಕ್ ಗಿಟಾರಿನಲ್ಲಿ ಇದು ಎದ್ದು ಕಾಣುತ್ತದೆ. ಉಬ್ಬಿದ ಮರ ತಂತಿಯನ್ನು ಎಳೆಯುತ್ತದೆ, ಶ್ರುತಿ ಮೇಲೆ ಹೋಗುತ್ತದೆ. ಮದ್ದಲೆಯದು ಇದಕ್ಕೆ ಉಲ್ಟಾ, ತೇವಕ್ಕೆ ತೊಗಲು ಸಡಿಲಾಗಿ ಶ್ರುತಿ ಇಳಿಯುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಆಗುಂಬೆ ಕಡೆಯವರು ನುಡಿಸುವ ಮುಂಚೆ ಪ್ರತಿಸಲ ನೋಡಿಕೊಳ್ಳಲೇಬೇಕು. ಶ್ರುತಿ ಮೇಲಿದ್ದರೆ ಬರೀ ಇಳಿಸಿ ಬಿಡಬೇಡಿ. ಬೇಕಾದ್ದಕ್ಕಿಂತ ಸ್ವಲ್ಪ ಕೆಳಗೆ ಇಳಿಸಿ, ಮತ್ತೆ ಬಿಗಿ ಮಾಡುತ್ತಾ ಹಸಿರಿಗೆ ಬನ್ನಿ. ಬಿರಡೆಯ ಹಲ್ಲುಗಳ ನಡುವೆ ಸಣ್ಣ ಸಡಿಲ ಇರುತ್ತದೆ. ಇಳಿಸಿಯೇ ಬಿಟ್ಟರೆ ಎರಡು ಹಾಡಿನಲ್ಲಿ ತಂತಿ ಇನ್ನೂ ಜಾರುತ್ತದೆ.

ಇಷ್ಟು ಆನ್ ಇದ್ದಾಗಿನ ಮಾತು. ಆದರೆ ಲೆಕ್ಕ ಹಾಕಿ. ಒಂದು ಗಂಟೆ ನುಡಿಸಿದರೆ ಟ್ಯೂನರ್ ಆನ್ ಇರುವುದು ಎರಡು ನಿಮಿಷ. ಉಳಿದ ಐವತ್ತೆಂಟು ನಿಮಿಷ ಅದು ಆಫ್, ಆದರೂ ಗಿಟಾರಿನ ದನಿಯೆಲ್ಲ ಅದರ ಹೊಟ್ಟೆಯೊಳಗಿಂದಲೇ ಹೋಗುತ್ತಿರುತ್ತದೆ. ಹಾಗಾಗಿ ಟ್ಯೂನರ್ ಪೆಡಲ್ ಆರಿಸುವಾಗ ಕೇಳಬೇಕಾದ್ದು ಆಫ್ ಇದ್ದಾಗ ಏನು ಮಾಡುತ್ತದೆ ಅಂತ. ಇಲ್ಲಿ ಬರುವ ಪದ ‘ಬೈಪಾಸ್’.

ಶಿವಮೊಗ್ಗದವರಿಗೆ ಬೈಪಾಸ್ ಹೊಸ ಪದ ಅಲ್ಲ. ಊರೊಳಗೆ ಕೆಲಸ ಇಲ್ಲದ ಲಾರಿ ಬಿ.ಎಚ್. ರೋಡಿಗೆ ಬರದೆ ಹೊರಗಿನಿಂದಲೇ ಹೋಗುವ ದಾರಿ. ಪೆಡಲ್‌ನಲ್ಲಿ ‘ಟ್ರೂ ಬೈಪಾಸ್’ ಅಂದರೆ ಅದೇ. ಆಫ್ ಮಾಡಿದಾಗ ದನಿ ಒಳಗಿನ ಸರ್ಕ್ಯೂಟನ್ನು ಮುಟ್ಟದೆ, ಬರೀ ತಂತಿಯಲ್ಲಿ ಹೋದ ಹಾಗೆ ಈ ಕಡೆಯಿಂದ ಆ ಕಡೆಗೆ ದಾಟುತ್ತದೆ. ‘ಬಫರ್ಡ್ ಬೈಪಾಸ್’ನಲ್ಲಿ ಹಾಗಲ್ಲ. ಆಫ್ ಇದ್ದರೂ ದನಿ ಬಫರ್ ಅನ್ನುವ ಒಂದು ಪುಟ್ಟ ಸರ್ಕ್ಯೂಟ್ ಹಾದೇ ಹೋಗಬೇಕು.

ಕೇಳಿದರೆ ಟ್ರೂ ಬೈಪಾಸೇ ಒಳ್ಳೆಯದು ಅನ್ನಿಸುತ್ತದೆ. ಹೆಸರಲ್ಲೇ ‘ಟ್ರೂ’ ಇದೆಯಲ್ಲ! ಅಷ್ಟು ಸುಲಭ ಇಲ್ಲ. ನಮ್ಮ ಕಡೆ ಗುಡ್ಡದ ಅಬ್ಬಿ ನೀರನ್ನು ಪೈಪಿನಲ್ಲಿ ಮನೆಗೆ ತರುತ್ತೇವೆ. ಪೈಪು ಗಿಡ್ಡ ಇದ್ದರೆ ಚೆನ್ನಾಗಿ ಬೀಳುತ್ತದೆ. ಉದ್ದ ಆದಷ್ಟೂ ನೂಲಿನ ಹಾಗೆ ಆಗುತ್ತದೆ. ತಂತಿಯ ಅದುರನ್ನು ಹಿಡಿಯುವ ಗಿಟಾರಿನ ಪಿಕಪ್‌ನಿಂದ ಬರುವ ಕರೆಂಟೂ ಅಂಥ ಬಡಕಲು ಅಬ್ಬಿ. ಕೇಬಲ್ ಉದ್ದ ಆದಷ್ಟೂ ಸೋರುತ್ತದೆ. ಹೋಲಿಕೆ ಪೂರ್ತಿ ಹೊಂದುವುದಿಲ್ಲ, ಯಾಕೆಂದರೆ ಸೋರುವುದು ಇಡೀ ದನಿ ಅಲ್ಲ, ಅದರ ಮೇಲ್ಭಾಗ. ತಂತಿಯ ಚುರುಕು, ಮಿಂಚು ಹೋಗಿ ದನಿ ಕಂಬಳಿ ಹೊದ್ದ ಹಾಗೆ ಆಗುತ್ತದೆ. ಟ್ರೂ ಬೈಪಾಸ್ ಪೆಡಲ್‌ಗಳನ್ನೇ ಸಾಲಾಗಿ ಇಟ್ಟರೆ ಎಲ್ಲ ಕೇಬಲ್ ಸೇರಿ ಒಂದೇ ಉದ್ದ ಪೈಪು. ಬಫರ್ ಅನ್ನುವುದು ನಡುದಾರಿಯ ತೊಟ್ಟಿ ಮತ್ತು ಪಂಪು. ದನಿ ಜೋರು ಮಾಡುವುದಿಲ್ಲ, ಮುಂದಿನ ದಾರಿಯಲ್ಲಿ ಸೋರದ ಹಾಗೆ ತಳ್ಳುತ್ತದೆ.

ಹಾಗಾದರೆ ಬಫರ್ ಇರುವುದನ್ನೇ ತಗೊಳ್ಳೋಣವೇ? ಅದು ನಿಮ್ಮ ಹಲಗೆ ನೋಡಿ ಹೇಳಬೇಕು. ವೇದಿಕೆಯಲ್ಲಿ ಹತ್ತು ಮೀಟರ್ ಕೇಬಲ್ ಎಳೆಯುವವರಿಗೆ ಒಂದು ಬಫರ್ ಬೇಕೇ ಬೇಕು. ಮನೆಯಲ್ಲಿ ಮೂರು ಮೀಟರಿನ ಎರಡು ಕೇಬಲ್ ಇಟ್ಟವರಿಗೆ ಇಲ್ಲದಿದ್ದರೂ ನಡೆಯುತ್ತದೆ. ಬಾಸ್ ಕಂಪನಿಯ ಪುಟ್ಟ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಬಫರ್ ಇದ್ದೇ ಇರುತ್ತದೆ. ಅಂಥದ್ದೊಂದು ಆಗಲೇ ಇದ್ದರೆ ಇನ್ನೊಂದಕ್ಕೆ ಅವಸರ ಇಲ್ಲ. ಇನ್ನು ‘ಫಜ್’ ಅನ್ನುವ ಹಳೇ ಕಾಲದ ಒರಟು ದನಿಯ ಪೆಡಲ್ ಇದೆ ನೋಡಿ, ಅದಕ್ಕೆ ಬಫರ್ ಕಂಡರೆ ಆಗುವುದಿಲ್ಲ. ಅದು ಗಿಟಾರನ್ನೇ ನೇರವಾಗಿ ಕೇಳುತ್ತದೆ. ನಡುವೆ ಬಫರ್ ಬಂದರೆ ಗಿಟಾರಿನ ವಾಲ್ಯೂಮ್ ಇಳಿಸಿದಾಗ ದನಿ ಹದವಾಗಿ ತಿಳಿಯಾಗುವ ಬದಲು ತಗಡಿನ ಹಾಗೆ ಕಿರುಗುಟ್ಟುತ್ತದೆ.

ನಮ್ಮ ಹುಡುಗನ ಹಲಗೆಯಲ್ಲಿ ಮೊದಲ ಪೆಡಲ್ಲೇ ಫಜ್. ಕೊನೆಯ ಪ್ರತಿಧ್ವನಿ ಪೆಡಲ್‌ನಲ್ಲಿ ಬಫರ್ ಇತ್ತು. ಟ್ಯೂನರ್ ಎಲ್ಲಕ್ಕಿಂತ ಮುಂದೆ ಇರಬೇಕು, ಯಾಕೆಂದರೆ ಅದಕ್ಕೆ ತಿಳಿಯಾದ ದನಿ ಬೇಕು. ಒರಟು ಮಾಡಿದ, ಅಲುಗಾಡಿಸಿದ ದನಿ ಕೊಟ್ಟರೆ ದೀಪ ಹುಚ್ಚು ಹಿಡಿದಂತೆ ಓಡಾಡುತ್ತದೆ. ಹಾಗಾಗಿ ಅವನಿಗೆ ಟ್ರೂ ಬೈಪಾಸ್. ಕೊರ್ಗ್‌ನ ಪಿಚ್‌ಬ್ಲ್ಯಾಕ್ ಆ ಜಾತಿಯದು. ಬಾಸ್‌ನ ಟಿಯು-3 ಬಫರ್ ಜಾತಿ. ಅದೇ ಬಾಸ್‌ನ ಟಿಯು-3ಡಬ್ಲ್ಯೂ ಮತ್ತು ಟಿಸಿ ಎಲೆಕ್ಟ್ರಾನಿಕ್‌ನ ಪಾಲಿಟ್ಯೂನ್ 3ರಲ್ಲಿ ಯಾವುದು ಬೇಕೋ ಆರಿಸಲು ಸ್ವಿಚ್ ಇದೆ. ಪಾಲಿಟ್ಯೂನ್‌ನಲ್ಲಿ ಆರೂ ತಂತಿ ಒಟ್ಟಿಗೆ ಮೀಟಿದರೆ ಯಾವುದು ತಪ್ಪಿದೆ ಅಂತ ಒಂದೇ ಸಲ ಕಾಣುತ್ತದೆ. ನೋಡಲು ಮಜಾ. ಆದರೆ ಕೊನೆಗೆ ಒಂದೊಂದೇ ತಂತಿ ಸರಿಮಾಡುವುದು ತಪ್ಪುವುದಿಲ್ಲ.

ಕರೆಂಟಿನ ವಿಷಯ ಒಂದು ಮಾತು, ಇದಕ್ಕೆ ನಾನು ದಂಡ ತೆತ್ತಿದ್ದೇನೆ. ಬಹುತೇಕ ಪೆಡಲ್‌ಗಳಿಗೆ 9 ವೋಲ್ಟ್ ಬೇಕು, ಪಿನ್ನಿನ ನಡುವೆ ಮೈನಸ್, ಹೊರಗೆ ಪ್ಲಸ್. ಮನೆಯಲ್ಲಿ ಬಿದ್ದಿರುವ ಬೇರೆ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಇದು ತಿರುಗಾ ಮುರುಗಾ. ಪಿನ್ ಸರಿಯಾಗಿ ಕೂತಿತು ಅಂತ ನಾನು ಹಳೇ ಮೋಡೆಮ್ಮಿನ ಅಡಾಪ್ಟರ್ ಚುಚ್ಚಿದೆ. ಸಣ್ಣ ಸುಟ್ಟ ವಾಸನೆ, ಅಲ್ಲಿಗೆ ಮುಗಿಯಿತು. ಅಡಾಪ್ಟರಿನ ಮೇಲೆ ಒಂದು ಪುಟ್ಟ ಚಿತ್ರ ಇರುತ್ತದೆ, ನೋಡಿ ಚುಚ್ಚಿ. ತೀರಾ ಪುಟ್ಟ ಮಿನಿ ಪೆಡಲ್‌ಗಳಲ್ಲಿ ಬ್ಯಾಟರಿಗೆ ಸಾಮಾನ್ಯವಾಗಿ ಜಾಗ ಇರುವುದಿಲ್ಲ. ಬ್ಯಾಟರಿ ಇರುವುದಾದರೆ ನುಡಿಸಿ ಮುಗಿದ ಮೇಲೆ ಗಿಟಾರ್ ಕಡೆಯ ಕೇಬಲ್ ಕಿತ್ತಿಡಿ. ಜ್ಯಾಕ್ ಒಳಗಿದ್ದಷ್ಟು ಹೊತ್ತೂ ಬ್ಯಾಟರಿ ಇಳಿಯುತ್ತಿರುತ್ತದೆ. ಏಪ್ರಿಲ್, ಮೇ ಸಂಜೆ ಗುಡುಗು ಶುರುವಾದರೆ ಅಡಾಪ್ಟರನ್ನೂ ಕೀಳಿ. ಇದನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಹುಡುಗ ಕೊನೆಗೆ ಸ್ನೇಹಿತನ ಟ್ರೂ ಬೈಪಾಸ್ ಟ್ಯೂನರ್ ಎರಡು ದಿನಕ್ಕೆ ತಂದ. ಪೆಡಲ್ ಸೇರಿಸಿ ಒಮ್ಮೆ, ಅದನ್ನು ಕಿತ್ತು ಒಮ್ಮೆ, ಒಂದೇ ಸಾಲು ನುಡಿಸಿದ. ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ, ಅವನಿಗೂ ಗೊತ್ತಾಗಲಿಲ್ಲ. ಅಲ್ಲಿಗೆ ಪೆಡಲ್ ಪಾಸ್. ಜಗಲಿಯಲ್ಲಿ ಕೂತಿದ್ದ ಅಮ್ಮನ ಹತ್ತಿರ ಹೋಗಿ, ‘ಅಜ್ಜಿ, ಯಾವುದು ಚೆನ್ನಾಗಿತ್ತು?’ ಅಂತ ಕೇಳಿದ.

‘ನಡುವೆ ಸ್ವಲ್ಪ ಹೊತ್ತು ನಿಂತಿತ್ತಲ್ಲ, ಅದು’ ಅಂದರು ಅಮ್ಮ.