ಸ್ಪಾರ್ಕ್ ಗ್ಯಾಪ್: ಎಲೆಕ್ಟ್ರೋಡ್ ಎಷ್ಟು ಕಿರಿದಾಗಬೇಕು, ಯಾವ ದಿಕ್ಕಿನಲ್ಲಿ?

ಸಿಂಕರ್ ಇಡಿಎಂ ಯಂತ್ರ ವಿದ್ಯುತ್ ಕಿಡಿಗಳಿಂದ ಉಕ್ಕನ್ನು ಕೊರೆದು, ಎಲೆಕ್ಟ್ರೋಡಿನ ಆಕಾರದ ಗುಂಡಿಯನ್ನು ಮಾಡುತ್ತದೆ. ಅದರಲ್ಲಿ ಕೆಲಸ ಸರಿಯಾಗಿ ನಡೆಯುತ್ತಿರುವಾಗ ಎಲೆಕ್ಟ್ರೋಡ್ ಉಕ್ಕನ್ನು ಮುಟ್ಟುವುದಿಲ್ಲ. ನಡುವಿನ ಸಣ್ಣ ಅಂತರದಲ್ಲಿ (ಇದೇ ಸ್ಪಾರ್ಕ್ ಗ್ಯಾಪ್) ಡೈಎಲೆಕ್ಟ್ರಿಕ್, ಅಂದರೆ ವಿದ್ಯುತ್ ಹರಿಯಗೊಡದ, ಎಣ್ಣೆ ತುಂಬಿರುತ್ತದೆ. ಕಿಡಿ ಅದನ್ನು ದಾಟಿ ಲೋಹವನ್ನು ಕರಗಿಸುತ್ತದೆ. ಹೀಗಾಗಿ ಕ್ಯಾವಿಟಿಯು (ಉಕ್ಕಿನಲ್ಲಿ ಮೂಡುವ ಗುಂಡಿ) ಎಲೆಕ್ಟ್ರೋಡ್‌ಗಿಂತ ಪ್ರತಿ ಬದಿಯಲ್ಲೂ ಆ ಅಂತರದಷ್ಟು ದೊಡ್ಡದಾಗುತ್ತದೆ, ನಾವು ಎಲೆಕ್ಟ್ರೋಡನ್ನು ಮೊದಲೇ ಅಷ್ಟು ಕಿರಿದಾಗಿ ಮಾಡಿಕೊಳ್ಳುತ್ತೇವೆ. ಗ್ಯಾಪ್ ಎಷ್ಟು ಎಂಬುದು ಕರೆಂಟ್, ಕಿಡಿಯ ಅವಧಿ, ವೋಲ್ಟೇಜ್ ಹಾಗೂ ಎರಡೂ ಲೋಹಗಳನ್ನು ಅವಲಂಬಿಸಿದೆ. ಯಂತ್ರದ ಸೆಟ್ಟಿಂಗ್‌ಗಳ ಪಟ್ಟಿಯಾದ ಟೆಕ್ನಾಲಜಿ ಟೇಬಲ್‌ನಲ್ಲಿ ಅದು ಸಿಗುತ್ತದೆ. ಅಲ್ಲಿ ಕೊಟ್ಟಿರುವ ಸಂಖ್ಯೆ ಒಂದು ಬದಿಯದೋ, ಎರಡೂ ಬದಿ ಸೇರಿದ್ದೋ ಎಂಬುದನ್ನು ಖಚಿತಪಡಿಸಿಕೊಳ್ಳದೆ ಮುಂದೆ ಹೋಗಬಾರದು. ನಾನು ಕಲಿಯುತ್ತಿದ್ದಾಗ ಈ ಒಂದು ಗೊಂದಲದಿಂದಲೇ ತಾಮ್ರದ ಎಲೆಕ್ಟ್ರೋಡೊಂದನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು.

20.00 ಮಿ.ಮೀ. ಅಗಲದ ಪಾಕೆಟ್ ಒಂದನ್ನು ತೆಗೆದುಕೊಳ್ಳೋಣ. ರಫಿಂಗ್ (ಮೊದಲ ಒರಟು ಸುಡುವಿಕೆ) ಗ್ಯಾಪ್ ಬದಿಗೆ 0.15 ಎಂದಿರಲಿ. ರಫಿಂಗ್ ಕಿಡಿಗಳು ಗೋಡೆಯ ಮೇಲೆ ಕುಳಿಗಳನ್ನೂ, ಕರಗಿ ಮತ್ತೆ ಗಟ್ಟಿಯಾದ ಪದರವನ್ನೂ ಬಿಟ್ಟಿರುತ್ತವೆ. ಫಿನಿಶಿಂಗ್‌ನಲ್ಲಿ (ಕೊನೆಯ ನುಣುಪು ಸುಡುವಿಕೆಯಲ್ಲಿ) ಇವನ್ನು ತೆಗೆಯಲು ಬದಿಗೆ ಇನ್ನೊಂದು 0.05 ಉಳಿಸಿದರೆ ಒಟ್ಟು 0.20 ಆಗುತ್ತದೆ, ಎಲೆಕ್ಟ್ರೋಡ್ 19.60 ಬರಬೇಕು. ಫಿನಿಶಿಂಗ್ ಗ್ಯಾಪ್ 0.04 ಇದ್ದರೆ, ನೇರವಾಗಿ ಇಳಿಸುವ ಫಿನಿಶಿಂಗ್ ಎಲೆಕ್ಟ್ರೋಡ್ 19.92 ಆಗಿರಬೇಕು. ಆರ್ಬಿಟ್ (ಎಲೆಕ್ಟ್ರೋಡನ್ನು ಪಕ್ಕಕ್ಕೆ ಸರಿಸಿ ಸುತ್ತಿಸುವ ಚಲನೆ) ಸೌಲಭ್ಯವಿದ್ದರೆ ಅದನ್ನೂ 19.60ಕ್ಕೇ ಮಾಡಿ, ಉಳಿದ 0.16ನ್ನು ಚಲನೆಯಿಂದ ತುಂಬಿಸಬಹುದು.

ಇಲ್ಲಿಯವರೆಗೆ ಬರೀ ಕೂಡುವ ಕಳೆಯುವ ಲೆಕ್ಕ. ನಿಜವಾದ ಕಷ್ಟ ದಿಕ್ಕಿನದು, ಏಕೆಂದರೆ ಗ್ಯಾಪನ್ನು ಪ್ರತಿ ಮೇಲ್ಮೈಗೂ ಲಂಬವಾಗಿಯೇ ಅಳೆಯಬೇಕು. 1 ಡಿಗ್ರಿ ಡ್ರಾಫ್ಟ್ (ನೇರಕ್ಕಿಂತ ತುಸು ಓರೆ) ಇರುವ ಗೋಡೆಗೆ, ಕಿರಿದಾಗಿಸದ ಎಲೆಕ್ಟ್ರೋಡನ್ನು 0.15 ಮೇಲೆ ನಿಲ್ಲಿಸಿದರೆ ಸಾಕೆಂದುಕೊಂಡರೆ, ಗೋಡೆಯ ಬಳಿ ಸಿಗುವ ಜಾಗ ಸುಮಾರು 0.0026 ಮಿ.ಮೀ. ಮಾತ್ರ. ಮೂಲೆಗಳೂ ಬದಲಾಗುತ್ತವೆ: ಬದಿಗೆ 0.20 ಕಳೆದಾಗ, ಕ್ಯಾವಿಟಿಯ ಒಳಮೂಲೆಯಲ್ಲಿ 1.00 ತ್ರಿಜ್ಯ ಬೇಕಿದ್ದರೆ ಎಲೆಕ್ಟ್ರೋಡಿನ ಹೊರಮೂಲೆ 0.80 ಆಗುತ್ತದೆ, ಕ್ಯಾವಿಟಿಯೊಳಗೆ ಎದ್ದು ನಿಂತ ಭಾಗವಾದ ಬಾಸ್‌ನ ಹೊರಮೂಲೆ 1.00 ಇದ್ದರೆ ಎಲೆಕ್ಟ್ರೋಡಿನ ಒಳಮೂಲೆ 1.20 ಆಗುತ್ತದೆ. ಚೂಪಾದ ಒಳಮೂಲೆ ಬೇಕಾದಲ್ಲಿ ವೃತ್ತಾಕಾರದ ಆರ್ಬಿಟ್ ಹೊಂದುವುದಿಲ್ಲ, ಚೌಕಾಕಾರದ ಆರ್ಬಿಟ್ ಬಳಸಬೇಕು. ಆಗಲೂ ಮೂಲೆಯಲ್ಲಿ ಗ್ಯಾಪಿನಷ್ಟು ತ್ರಿಜ್ಯ ಉಳಿದೇ ಉಳಿಯುತ್ತದೆ.

ಇಳಿಜಾರು ಮುಖಗಳ ವಿಷಯದಲ್ಲಿ ನಿಧಾನವಾಗಿ ಯೋಚಿಸಬೇಕು. ಎಲ್ಲೆಡೆ ಮೇಲ್ಮೈಗೆ ಲಂಬವಾಗಿ 0.20 ಕಳೆದ ಎಲೆಕ್ಟ್ರೋಡನ್ನು ತಳಕ್ಕಾಗಿ 0.16 ಕೆಳಗಿಳಿಸಿ, ಅದೇ ಆಳದಲ್ಲಿ ಗೋಡೆಗಾಗಿ 0.16 ಪಕ್ಕಕ್ಕೂ ಸರಿಸಿದಿರಿ ಎನ್ನೋಣ. ತಳ ಸರಿ, ನೇರ ಗೋಡೆ ಸರಿ. ಆದರೆ 45 ಡಿಗ್ರಿ ಮುಖಕ್ಕೆ ಎರಡೂ ಚಲನೆಗಳು ಸೇರಿ 0.226 ಆಗುತ್ತದೆ, ಅಂದರೆ 0.066 ಮಿ.ಮೀ. ಹೆಚ್ಚು ಉಕ್ಕು ಹೋಗುತ್ತದೆ. ಮೋಲ್ಡಿನಲ್ಲಿ ಇದು ಸಣ್ಣ ತಪ್ಪಲ್ಲ. ಆಳ ಹೆಚ್ಚಿದಂತೆ ಆರ್ಬಿಟ್ ಕಿರಿದಾಗುವ ಗೋಲಾಕಾರದ ಚಲನೆ ಇದಕ್ಕೆ ಪರಿಹಾರ. ಅದಿಲ್ಲದಿದ್ದರೆ, ಆ ಯಂತ್ರದ ಚಲನೆಗೆ ತಕ್ಕಂತೆ ಎಲೆಕ್ಟ್ರೋಡಿನ ಇಳಿಜಾರು ಮುಖಗಳನ್ನು ಬೇರೆಯಾಗಿಯೇ ವಿನ್ಯಾಸಗೊಳಿಸಬೇಕು.

ಎಲೆಕ್ಟ್ರೋಡನ್ನು ಮಿಲ್ಲಿಂಗ್ ಮಾಡುವಾಗ ಮಾಡೆಲನ್ನು ಮೂಲ ಅಳತೆಯಲ್ಲೇ ಇಟ್ಟು, ಕಟರಿನ ದಾರಿ ಲೆಕ್ಕ ಹಾಕುವ ಕ್ಯಾಮ್ ಸಾಫ್ಟ್‌ವೇರ್‌ನಲ್ಲಿ ನೆಗೆಟಿವ್ ಸ್ಟಾಕ್ (ಮಾಡೆಲಿಗಿಂತ ಒಳಗೆ ಕತ್ತರಿಸುವ ಅಳತೆ) −0.20 ಕೊಡುವುದು ಸಾಮಾನ್ಯ ಪದ್ಧತಿ. ಕಟರಿನ ಮೂಲೆಯ ತ್ರಿಜ್ಯ ಈ 0.20ಗಿಂತ ದೊಡ್ಡದಿರಬೇಕು; ಚೂಪು ಮೂಲೆಯ ಫ್ಲಾಟ್ ಎಂಡ್ ಮಿಲ್‌ನಿಂದ ವಕ್ರ ಮೇಲ್ಮೈಗಳ ಲೆಕ್ಕ ತಪ್ಪುತ್ತದೆ. ಇನ್ನೊಂದು ಉಪಾಯವೆಂದರೆ, ತ್ರಿಜ್ಯ 4.80ರ, ತುದಿ ಚೆಂಡಿನಾಕಾರದ ಬಾಲ್‌ನೋಸ್‌ಗೆ ಪ್ರೋಗ್ರಾಂ ಬರೆದು ತ್ರಿಜ್ಯ 5.00ರ ಕಟರಿನಲ್ಲಿ ಓಡಿಸುವುದು. ಟೂಲ್ ಅನ್ನು ತುದಿಯಿಂದ ಸೆಟ್ ಮಾಡಿದ್ದರೆ 0.20 ಕೆಳಗಿಳಿಸಲು ಮರೆಯಬಾರದು, ಏಕೆಂದರೆ ಚೆಂಡಿನ ಕೇಂದ್ರ ಹಿಂದಿನ ಜಾಗದಲ್ಲೇ ಇರಬೇಕು.

ಟೇಬಲ್‌ನ ಸಂಖ್ಯೆ ನಮ್ಮ ಯಂತ್ರದಲ್ಲಿ, ಕಣಗಳನ್ನು ಎಣ್ಣೆಯಿಂದ ತೊಳೆಯುವ ನಮ್ಮ ಫ್ಲಶಿಂಗ್‌ನಲ್ಲಿ ಹಾಗೆಯೇ ಬರುತ್ತದೆಂದು ನಂಬಿ ಕೂರುವುದಕ್ಕಿಂತ ಪರೀಕ್ಷಿಸಿ ನೋಡುವುದು ಮೇಲು. ಅದೇ ಉಕ್ಕಿನ ತುಂಡಿನಲ್ಲಿ ಅದೇ ಸೆಟ್ಟಿಂಗ್‌ನಿಂದ, ಆರ್ಬಿಟ್ ಇಲ್ಲದೆ ಕೆಲವು ಮಿ.ಮೀ. ಆಳ ಸುಟ್ಟು, ಪಾಕೆಟಿನ ಅಗಲದಿಂದ ಎಲೆಕ್ಟ್ರೋಡಿನ ಅಗಲವನ್ನು ಕಳೆದು ಎರಡರಿಂದ ಭಾಗಿಸಿ. ಅಗಲವನ್ನು ಬಾಯಿಯಲ್ಲೂ ತಳದ ಹತ್ತಿರವೂ ಅಳೆಯಿರಿ. ಮೇಲೇರುವ ಲೋಹದ ಕಣಗಳ ಮೂಲಕ ಮತ್ತೆ ಕಿಡಿ ಹಾರುವುದರಿಂದ ಬಾಯಿ ಸ್ವಲ್ಪ ಹೆಚ್ಚು ಅಗಲವಾಗಿರಬಹುದು.